ಶುದ್ಧಕೃಷಿ: ಸೂಕ್ಷ್ಮಜೀವಿಗಳನ್ನು ಬೆಳೆಸಿ ಗುರುತಿಸುವ ವಿದ್ಯೆಯೂ ಪ್ಲೇಗಿನ ಚರಿತ್ರೆಯೂ

೧

ಹೊಲದಲ್ಲಿ ಬಿತ್ತುವ ಒಕ್ಕಲಿಗನು ತನ್ನ ಬೀಜವನ್ನು ಕಣ್ಣಾರೆ ನೋಡಿ, ಜೊಳ್ಳನ್ನು ತೂರಿ, ಗಟ್ಟಿಯಾದುದನ್ನೇ ಆರಿಸಿ ಬಿತ್ತುವನು. ಬೆಳೆಯ ನಡುವೆ ಕಳೆ ಹುಟ್ಟಿದರೆ ಎಲೆಯನ್ನು ಕಂಡೊಡನೆಯೇ ಗುರುತಿಸಿ ಕೀಳಬಲ್ಲನು. ಸೂಕ್ಷ್ಮಜೀವಿಗಳನ್ನು ಬೆಳೆಸುವವನಿಗೆ ಈ ಎರಡು ಅನುಕೂಲಗಳೂ ಇಲ್ಲ. ಅವನ ಬೀಜವು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಉದ್ದದ್ದು; ಅವನ ಕಳೆಯೂ ಹೆಚ್ಚುಕಡಮೆ ಅಷ್ಟೇ ಗಾತ್ರದ್ದು, ಅನೇಕ ವೇಳೆ ಅದೇ ಆಕಾರದ್ದು. ಗಾಳಿಯ ಧೂಳಿನಲ್ಲಿ, ನೀರಿನಲ್ಲಿ, ಬೆಳೆಸುವವನ ಬೆರಳಿನಲ್ಲಿ ಕಳೆಯ ಬೀಜವು ಸದಾ ಸಿದ್ಧವಾಗಿರುವುದು. ಹೀಗಿದ್ದೂ ಒಂದೇ ಜಾತಿಯ ಜೀವಿಯನ್ನು, ಅದೊಂದನ್ನೇ, ಬೇಕಾದಷ್ಟು ಕಾಲ ಬೆಳೆಸಿಕೊಂಡು ಬರುವ ವಿದ್ಯೆಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಿದ್ಧಿಸಿತು. ಸಾಂಕ್ರಾಮಿಕ ರೋಗಗಳ ಕಾರಣವನ್ನು ಕುರಿತು ನಮಗಿರುವ ನಿಶ್ಚಿತವಾದ ತಿಳಿವಳಿಕೆಯಲ್ಲಿ ಬಹುಭಾಗವು ಈ ವಿದ್ಯೆಯ ಫಲವಾಗಿದೆ.

ಈ ವಿದ್ಯೆ ಹುಟ್ಟಿದ ಬಗೆಯನ್ನೂ ಅದು ಪ್ಲೇಗಿನ ವಿಷಯದಲ್ಲಿ ಪರೀಕ್ಷೆಗೆ ಒಳಗಾದ ಬಗೆಯನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಪ್ಲೇಗನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ೧೮೯೬ರಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಂಗಳೂರು, ಮೈಸೂರುಗಳಿಗೆ ಹರಡಿದ ಆ ಮಾರಿಯ ಕಥೆ ನಮ್ಮ ನಾಡಿನ ಕಥೆಯೂ ಹೌದು. ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಆ ಕಾಲದ ನೆನಪು ಪ್ಲೇಗಮ್ಮನ ಗುಡಿಗಳಲ್ಲಿ ಇಂದಿಗೂ ಉಳಿದಿದೆ. ಎರಡನೆಯದಾಗಿ, ಈ ವಿದ್ಯೆಯ ಮೂರು ಮುಖ್ಯ ಪ್ರಶ್ನೆಗಳು ಪ್ಲೇಗಿನ ಚರಿತ್ರೆಯಲ್ಲಿ ಒಂದಾದ ಮೇಲೊಂದು ಎದುರಾದುವು: ಒಂದು ಜೀವಿಯನ್ನು ಉಳಿದವುಗಳಿಂದ ಬೇರ್ಪಡಿಸುವುದು ಹೇಗೆ, ಬೇರ್ಪಡಿಸಿದುದನ್ನು ಇಂತಹುದೇ ಎಂದು ಗುರುತಿಸುವುದು ಹೇಗೆ, ಗುರುತಿಸಿದುದನ್ನು ಕಡೆಯವರೆಗೂ ಕಳೆ ಸೇರದಂತೆ ಕಾಯುವುದು ಹೇಗೆ. ಮೂರನೆಯ ಪ್ರಶ್ನೆಗೆ ಹತ್ತೊಂಬತ್ತು ಮಂದಿಯ ಪ್ರಾಣವೂ ಒಬ್ಬ ವಿಜ್ಞಾನಿಯ ಮಾನವೂ ಬೆಲೆಯಾಗಿ ತೆರಬೇಕಾಯಿತು.

ಪರಿಭಾಷೆಯ ವಿಷಯವಾಗಿ ಒಂದು ಮಾತು. ಕಲ್ಚರ್ ಎಂಬ ಶಬ್ದಕ್ಕೆ ಬೇಸಾಯವೆಂದೇ ಮೂಲಾರ್ಥ. ಆದುದರಿಂದ ಇಲ್ಲಿ ಅದನ್ನು 'ಕೃಷಿ' ಎಂದೂ, ಒಂದೇ ಜಾತಿಯ ಜೀವಿಯದಾದರೆ 'ಶುದ್ಧಕೃಷಿ' ಎಂದೂ ಕರೆದಿದೆ. ಜೀವಿಗಳಿಗೆ ಆಹಾರವಾಗಿ ಒದಗಿಸುವ ವಸ್ತುವೇ 'ಪೋಷಕದ್ರವ್ಯ'. ಹಳೆಯ ಕೃಷಿಯಿಂದ ತೆಗೆದು ಹೊಸ ಪೋಷಕದ್ರವ್ಯಕ್ಕೆ ಹಾಕುವ ಅಲ್ಪಭಾಗಕ್ಕೆ ನಮ್ಮ ಅಡುಗೆಮನೆಯ 'ಹೆಪ್ಪು' ಎಂಬುದಕ್ಕಿಂತ ಒಳ್ಳೆಯ ಮಾತು ದೊರೆಯಲಾರದು.

೨

ಹೆಪ್ಪಿನ ಉದಾಹರಣೆಯನ್ನೇ ಮುಂದುವರಿಸಬಹುದು. ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರನ್ನು ಬೆರಸಿಟ್ಟರೆ ಬೆಳಗಾಗುವುದರೊಳಗೆ ಹಾಲೆಲ್ಲ ಮೊಸರಾಗುವುದು. ಕಾಯಿಸುವುದರಿಂದ ಹಾಲಿನಲ್ಲಿ ಮೊದಲಿದ್ದ ಜೀವಿಗಳು ಬಹುಮಟ್ಟಿಗೆ ಸಾಯುವುವು. ಹೆಪ್ಪು ಹೊಸ ಜೀವಿಗಳನ್ನು ತರುವುದು. ಒಲೆಯ ಬಳಿಯ ಬೆಚ್ಚನೆಯ ಮೂಲೆ ಅವುಗಳನ್ನು ಬೆಳೆಸುವುದು. ಶುಚಿಮಾಡುವುದು, ಬಿತ್ತುವುದು, ಕಾವು ಕೊಡುವುದು ಎಂಬ ಕೃಷಿಯ ಮೂರು ಅಂಗಗಳೂ ಇಲ್ಲಿವೆ. ಆದರೆ ಮನೆಯ ಮೊಸರಿನಲ್ಲಿರುವುದು ಒಂದೇ ಜಾತಿಯ ಜೀವಿಯಲ್ಲ. ಒಂದು ದಿನ ಮೊಸರು ಲೋಳೆಯಾದರೆ ಅಥವಾ ಕಹಿಯಾದರೆ, ಯಾವ ಜೀವಿಯಿಂದ ಹಾಗಾಯಿತೆಂಬುದನ್ನು ಹೆಪ್ಪು ಹಾಕುವ ಕ್ರಮದಿಂದ ತಿಳಿಯುವುದು ಸಾಧ್ಯವಿಲ್ಲ. ದ್ರವದಲ್ಲಿ ಎಲ್ಲವೂ ಎಲ್ಲದರೊಡನೆ ಕಲೆತುಹೋಗುವುದು.

ಫ್ರಾನ್ಸಿನ ಲೂಯಿ ಪಾಶ್ಚರನು ೧೮೫೭ರಿಂದ ಮುಂದೆ ಹುದುಗುವಿಕೆಯನ್ನು ಕುರಿತು ನಡೆಸಿದ ಪ್ರಸಿದ್ಧ ಶೋಧನೆಗಳೆಲ್ಲ ಇಂತಹ ದ್ರವಕೃಷಿಗಳಿಂದಲೇ ಆದುವು. ಸಕ್ಕರೆ, ಅಮೋನಿಯದ ಲವಣ, ಯೀಸ್ಟಿನ ಬೂದಿ ಮೊದಲಾದುವುಗಳ ನೀರಿನಲ್ಲಿ ಆತನು ಜೀವಿಗಳನ್ನು ಬೆಳೆಸಿದನು. ಒಂದು ಜೀವಿಗೆ ಹೆಚ್ಚು ಒಗ್ಗುವ ದ್ರವವನ್ನು ಆರಿಸಿ, ಹೆಪ್ಪನ್ನು ಮೇಲಿಂದ ಮೇಲೆ ಬದಲಾಯಿಸುತ್ತ ಹೋದರೆ, ಆ ಜೀವಿಯೇ ಉಳಿದವುಗಳನ್ನು ಮೀರಿ ಬೆಳೆಯುವುದೆಂಬುದು ಈ ವಿಧಾನದ ಆಧಾರ. ಪಾಶ್ಚರನ ಕೈಯಲ್ಲಿ ಇದು ಅಮೋಘವಾದ ಫಲವನ್ನು ಕೊಟ್ಟಿತು. ಆದರೆ ಹೆಚ್ಚಾಗಿ ಬೆಳೆದಿರುವುದು ಬೇರೆ, ಒಂದೇ ಇರುವುದು ಬೇರೆ.

ಈ ಕೊರತೆಯನ್ನು ನೀಗಿಸಲು ಇಂಗ್ಲೆಂಡಿನ ಜೋಸೆಫ್ ಲಿಸ್ಟರನು ೧೮೭೮ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದನು. ಹುಳಿತ ಹಾಲನ್ನು ಶುದ್ಧವಾದ ನೀರಿನಲ್ಲಿ ಮತ್ತೆ ಮತ್ತೆ ತೆಳುಮಾಡಿ, ಒಂದು ಹನಿಯಲ್ಲಿ ಸರಾಸರಿ ಒಂದಕ್ಕಿಂತ ಹೆಚ್ಚು ಜೀವಿ ಇರಲಾರದಷ್ಟಕ್ಕೆ ತಂದು, ಒಂದೊಂದು ಹನಿಯನ್ನು ಒಂದೊಂದು ಗಾಜಿನ ಪಾತ್ರೆಯ ಕಾಯಿಸಿದ ಹಾಲಿಗೆ ಬಿಟ್ಟನು. ಕೆಲವು ಪಾತ್ರೆಗಳ ಹಾಲು ಹಾಗೆಯೇ ಉಳಿಯಿತು, ಕೆಲವು ಹೆಪ್ಪುಗಟ್ಟಿದುವು. ಹೆಪ್ಪುಗಟ್ಟಿದವುಗಳಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯ ಕಂಡುಬಂದಿತು. ತರ್ಕವು ನಿರ್ದುಷ್ಟವಾಗಿದ್ದರೂ ಈ ವಿಧಾನವು ಬಲು ಪ್ರಯಾಸಕರ. ಅಲ್ಲದೆ, ತೆಳುಮಾಡಿದ ದ್ರವದಿಂದ ಕೈಗೆ ಬರುವುದು ಸಂಖ್ಯೆಯಲ್ಲಿ ಹೆಚ್ಚಾಗಿರುವ ಜೀವಿಯೇ ಹೊರತು ನಾವು ಹುಡುಕುವ ಅಲ್ಪಸಂಖ್ಯೆಯ ಜೀವಿಯಲ್ಲ.

೩

ದಾರಿ ತೋರಿಸಿದುದು ಬೇಯಿಸಿದ ಆಲೂಗೆಡ್ಡೆ. ಕತ್ತರಿಸಿಟ್ಟ ಗೆಡ್ಡೆಯ ಮುಖದ ಮೇಲೆ ಕೆಲವು ದಿನಗಳಲ್ಲಿ ಕೆಂಪು, ಹಳದಿ, ಬಿಳಿ ಬಣ್ಣದ ಚಿಕ್ಕ ಚುಕ್ಕೆಗಳು ಏಳುವುವು. ೧೮೭೦ರ ದಶಕದಲ್ಲಿ ಬ್ರೆಸ್ಲಾವಿನ ಷ್ರೋಯ್ಟರನು ಇವುಗಳನ್ನು ಪರೀಕ್ಷಿಸಿ, ಬಣ್ಣ ಕೊಡುವ ಬ್ಯಾಕ್ಟೀರಿಯಗಳ ಭೇದಗಳನ್ನು ವಿವರಿಸಿದ್ದನು. ಈ ಚುಕ್ಕೆಗಳ ಪೂರ್ಣಾರ್ಥವನ್ನು ಗ್ರಹಿಸಿದವನು ರಾಬರ್ಟ್ ಕಾಖ್. ಘನವಾದ ಮೇಲ್ಮೈಯ ಮೇಲೆ ಬಿದ್ದ ಜೀವಿ ಅಲೆದಾಡಲಾರದು. ಬಿದ್ದಲ್ಲಿಯೇ ಬೇರೂರಿ ತನ್ನ ಸಂತಾನವನ್ನು ಸುತ್ತಲೂ ಪೇರಿಸುವುದು. ಆದುದರಿಂದ ಒಂದೊಂದು ಚುಕ್ಕೆಯೂ ಒಂದೇ ಬೀಜದಿಂದ ಹುಟ್ಟಿದ ಒಂದು ವಂಶ. ಇದಕ್ಕೆ ಕಾಲೊನಿ ಎಂದು ಹೆಸರು. ಕೆರೆಗೆ ಚೆಲ್ಲಿದ ಬೀಜಕ್ಕೂ ಮಡಿಯಲ್ಲಿ ಅಂತರವಿಟ್ಟು ಊರಿದ ಬೀಜಕ್ಕೂ ಇರುವ ವ್ಯತ್ಯಾಸವೇ ದ್ರವಕೃಷಿಗೂ ಘನಕೃಷಿಗೂ ಇರುವ ವ್ಯತ್ಯಾಸ.

ಕಾಖನು ಮೊದಲು ವೊಲ್‌ಷ್ಟೈನ್ ಎಂಬ ಸಣ್ಣ ಊರಿನಲ್ಲಿ ವೈದ್ಯನಾಗಿದ್ದವನು. ೧೮೭೬ರಲ್ಲಿ ಆಂತ್ರ್ಯಾಕ್ಸ್ ರೋಗದ ಕ್ರಿಮಿಯನ್ನು ದನದ ಕಣ್ಣಿನ ತಿಳಿನೀರಿನಲ್ಲಿ ಬೆಳೆಸಿ ಖ್ಯಾತನಾದನು. ಆಲೂಗೆಡ್ಡೆ ಎಲ್ಲ ರೋಗಕ್ರಿಮಿಗಳಿಗೂ ಆಹಾರವಾಗದೆಂಬುದನ್ನು ಕಂಡು, ಮಾಂಸದ ಸಾರಿಗೇ ಜೆಲಟಿನನ್ನು ಬೆರಸಿ ಗಾಜಿನ ತಗಡಿನ ಮೇಲೆ ಹೊಯ್ದು ಗಟ್ಟಿಯಾಗಿಸಿದನು. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದ ಪ್ಲಾಟಿನಂ ತಂತಿಯ ತುದಿಯಿಂದ ಪರೀಕ್ಷ್ಯವಸ್ತುವನ್ನು ತೆಗೆದು, ಈ ಮೇಲ್ಮೈಯ ಮೇಲೆ ಗೀರು ಎಳೆದನು. ಗೀರಿನ ಮೊದಲಲ್ಲಿ ಬೆಳೆ ದಟ್ಟವಾಗಿರುವುದು. ಕೊನೆಗೆ ಬರಬರುತ್ತ ಕಾಲೊನಿಗಳು ಬಿಡಿಬಿಡಿಯಾಗುವುವು. ಬಿಡಿಯಾದ ಒಂದನ್ನು ತಂತಿಯಿಂದ ಮುಟ್ಟಿ ಬೇರೆಡೆಗೆ ಬಿತ್ತಿದರೆ ಶುದ್ಧಕೃಷಿ ದೊರೆಯುವುದು. ೧೮೮೧ರಲ್ಲಿ ಲಂಡನಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದ ಸಮಯದಲ್ಲಿ ಆತನು ಇದನ್ನು ಪ್ರದರ್ಶಿಸಿದಾಗ ಪಾಶ್ಚರ್, ಲಿಸ್ಟರ್ ಇಬ್ಬರೂ ಅಲ್ಲಿದ್ದರು.

ಜೆಲಟಿನಿಗೆ ಎರಡು ದೋಷಗಳಿದ್ದುವು. ಮನುಷ್ಯನ ದೇಹದ ಶಾಖದಲ್ಲಿ ಅದು ಕರಗುವುದು. ರೋಗಕ್ರಿಮಿಗಳಲ್ಲಿ ಅನೇಕಕ್ಕೆ ಬೇಕಾದುದು ಆ ಶಾಖವೇ. ಮತ್ತು ಕೆಲವು ಬ್ಯಾಕ್ಟೀರಿಯಗಳು ಅದನ್ನು ಜೀರ್ಣಿಸಿ ನೀರಾಗಿಸುವುವು. ಇದಕ್ಕೆ ಪರಿಹಾರವು ಅಡುಗೆಮನೆಯಿಂದ ಬಂದಿತು. ಕಾಖನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಶ್ರೀಮತಿ ಫ್ಯಾನಿ ಹೆಸ್ಸೆಯು ಹಣ್ಣಿನ ಪಾಕಗಳನ್ನು ಗಟ್ಟಿಮಾಡಲು ಅಗರ್ ಎಂಬ ಕಡಲಪಾಚಿಯ ಸಾರವನ್ನು ಬಳಸುತ್ತಿದ್ದಳು. ಜಾವಾ ದ್ವೀಪದಲ್ಲಿದ್ದು ಬಂದ ನೆರೆಯವರಿಂದ ಆಕೆಯ ಮನೆಯವರು ಇದನ್ನು ಕಲಿತಿದ್ದರು. ಆಕೆಯ ಸೂಚನೆಯಂತೆ ಜೆಲಟಿನಿಗೆ ಬದಲಾಗಿ ಅಗರನ್ನು ಹಾಕಿ ನೋಡಿದಾಗ ಎರಡು ದೋಷಗಳೂ ಹೋದುವು. ಇದು ನಮ್ಮ ಸುಗಂಧದ ಅಗರುವಲ್ಲ; ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಮಾರುವ ವಸ್ತು. ಕುದಿಯುವ ನೀರಿನ ಶಾಖಕ್ಕೆ ಸಮೀಪದಲ್ಲಿ ಕರಗಿ, ಸುಮಾರು ೪೦ ಡಿಗ್ರಿಗೆ ಇಳಿದ ಮೇಲೆಯೇ ಹೆಪ್ಪುಗಟ್ಟುವುದು; ಒಮ್ಮೆ ಗಟ್ಟಿಯಾದರೆ ದೇಹದ ಶಾಖದಲ್ಲಿ ಕರಗದು. ಈ ಉಪಕಾರಕ್ಕಾಗಿ ಆಕೆಯ ಹೆಸರು ಆ ಕಾಲದ ಪ್ರಬಂಧಗಳಲ್ಲಿ ಬರಲಿಲ್ಲ.

೧೮೮೭ರಲ್ಲಿ ಕಾಖನ ಸಹಾಯಕನಾಗಿದ್ದ ಪೆಟ್ರಿಯು ಗಾಜಿನ ತಗಡಿಗೆ ಬದಲಾಗಿ, ಒಂದರ ಮೇಲೊಂದು ಮುಚ್ಚುವ ಎರಡು ತಟ್ಟೆಗಳನ್ನು ಉಪಯೋಗಿಸಿದನು. ಗಾಳಿಯ ಧೂಳು ಬೀಳದಂತೆ ಮುಚ್ಚಳವು ಕಾಯುವುದು. ಗಾಜಿನ ಮೂಲಕ ಬೆಳೆ ಕಾಣುವುದು. ಇದಕ್ಕೂ ಮೊದಲು, ೧೮೮೪ರಲ್ಲಿ, ಬರ್ಲಿನಿನಲ್ಲಿದ್ದ ಡೇನಿಷ್ ವೈದ್ಯ ಗ್ರಾಮ್ ಬಣ್ಣ ಹಾಕುವ ಒಂದು ಕ್ರಮವನ್ನು ಪ್ರಕಟಿಸಿದ್ದನು. ನೇರಿಳೆಯ ಬಣ್ಣ, ಅಯೊಡೀನ್, ಆಲ್ಕೊಹಾಲುಗಳನ್ನು ಕ್ರಮವಾಗಿ ಪ್ರಯೋಗಿಸಿದರೆ ಕೆಲವು ಜಾತಿಗಳು ಬಣ್ಣವನ್ನು ಉಳಿಸಿಕೊಳ್ಳುವುವು, ಕೆಲವು ಬಿಟ್ಟುಕೊಡುವುವು. ನೋಟಕ್ಕೆ ಒಂದೇ ತೆರನಾದ ಜೀವಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಲು ಈ ಪರೀಕ್ಷೆಯು ಇಂದಿಗೂ ಮೊದಲ ಹೆಜ್ಜೆಯಾಗಿದೆ.

೪

ಈ ಉಪಕರಣಗಳಿಂದ ಲಭಿಸಿದ ದೊಡ್ಡ ಲಾಭವೆಂದರೆ ಪ್ರಮಾಣದ ಶಕ್ತಿ. ರೋಗಿಯ ದೇಹದಲ್ಲಿ ಒಂದು ಕ್ರಿಮಿ ಕಂಡರೆ ಅದೇ ರೋಗಕ್ಕೆ ಕಾರಣವೆಂದು ಹೇಳಲಾಗದು; ರೋಗದಿಂದ ಕೆಟ್ಟ ದೇಹದಲ್ಲಿ ಅದು ಆಮೇಲೆ ಬಂದು ಸೇರಿರಬಹುದು. ಆ ಕ್ರಿಮಿಯು ರೋಗಿಗಳಲ್ಲಿ ತಪ್ಪದೆ ಕಾಣಬೇಕು. ದೇಹದ ಹೊರಗೆ ಶುದ್ಧಕೃಷಿಯಾಗಿ ಬೆಳೆಯಬೇಕು. ಆ ಕೃಷಿಯನ್ನು ಆರೋಗ್ಯವಾದ ಪ್ರಾಣಿಗೆ ಹಾಕಿದಾಗ ಅದೇ ರೋಗ ಬರಬೇಕು. ಆ ಪ್ರಾಣಿಯಿಂದ ಅದೇ ಕ್ರಿಮಿ ಮತ್ತೆ ದೊರೆಯಬೇಕು. ಕಾಖನ ಹೆಸರಿನಿಂದ ಪ್ರಸಿದ್ಧವಾದ ಈ ನಿಯಮಗಳಲ್ಲಿ ನಡುವಣ ಕೊಂಡಿ ಶುದ್ಧಕೃಷಿ. ಅದು ಅಶುದ್ಧವಾದರೆ ಮುಂದಿನದೆಲ್ಲವೂ ವ್ಯರ್ಥ. ೧೮೮೨ರ ಮಾರ್ಚಿಯಲ್ಲಿ ಕ್ಷಯರೋಗದ ಕ್ರಿಮಿಯನ್ನು ಆತನು ಸ್ಥಾಪಿಸಿದುದು ಈ ಸರಣಿಯಿಂದಲೇ.

ಕಾಖನು ೧೮೮೩ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದು, ಮರುವರ್ಷದ ಆದಿಯಲ್ಲಿ ಕಾಲರಾ ಕ್ರಿಮಿಯ ಶುದ್ಧಕೃಷಿಯನ್ನು ಪಡೆದನು. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಅದರ ಆಕಾರವೊಂದನ್ನೇ ಆತನು ನಂಬಲಿಲ್ಲ. ಜೆಲಟಿನಿನಲ್ಲಿ ಅದು ಬೆಳೆಯುವ ಬಗೆ, ಬೆಳೆದಲ್ಲಿ ಜೆಲಟಿನ್ ನೀರಾಗುವ ಕ್ರಮ ಇವುಗಳನ್ನೂ ಲಕ್ಷಣವಾಗಿ ಹಿಡಿದನು. ಬೆಳೆಯ ಚರ್ಯೆಯಿಂದ ಬೀಜದ ಜಾತಿಯನ್ನು ಹೇಳುವುದು ಇಲ್ಲಿಂದ ಮುಂದೆ ಈ ಶಾಸ್ತ್ರದ ವಾಡಿಕೆಯಾಯಿತು. ಆದರೆ ಯಾರ ಕೈಗೂ ತಪ್ಪು ಬಾರದಷ್ಟು ಇದು ಸುಲಭವಾಗಿರಲಿಲ್ಲವೆಂಬುದು ಹತ್ತು ವರ್ಷಗಳ ಮೇಲೆ ಹಾಂಗ್‌ಕಾಂಗಿನಲ್ಲಿ ಕಂಡುಬಂದಿತು.

೫

೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಇಬ್ಬರು ಶೋಧಕರು ಅಲ್ಲಿಗೆ ಹೋದರು. ಜಪಾನಿನ ಕಿಟಸಾಟೊ ಜೂನ್ ೧೨ರಂದು ಬಂದನು. ಆತನು ಕಾಖನ ಶಿಷ್ಯ. ೧೮೮೯ರಲ್ಲಿ ಧನುರ್ವಾಯುವಿನ ಕ್ರಿಮಿಯನ್ನು ಮೊದಲಬಾರಿಗೆ ಶುದ್ಧವಾಗಿ ಬೆಳೆಸಿ ಕೀರ್ತಿಯನ್ನು ಪಡೆದವನು. ಮೂರು ದಿನಗಳ ಮೇಲೆ ಪಾಶ್ಚರ್ ಪಂಥದ ಅಲೆಕ್ಸಾಂಡರ್ ಯೆರ್ಸಿನ್ ಬಂದನು. ಕಿಟಸಾಟೊವಿಗೆ ಆಸ್ಪತ್ರೆಯೂ ಸಹಾಯಕರೂ ದೊರೆತರು. ಯೆರ್ಸಿನನು ಒಂದು ಹುಲ್ಲಿನ ಗುಡಿಸಲನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ಶವಗಳನ್ನು ಸಾಗಿಸುತ್ತಿದ್ದ ನಾವಿಕರ ಕೈಗೆ ಹಣವಿತ್ತು, ಹೆಣದ ತೊಡೆಸಂದಿಯ ಗಡ್ಡೆಯಿಂದ ಕೀವನ್ನು ತೆಗೆದುಕೊಂಡನು.

ಇಬ್ಬರೂ ತಾವು ಪ್ಲೇಗಿನ ಕ್ರಿಮಿಯನ್ನು ಕಂಡುದಾಗಿ ಪ್ರಕಟಿಸಿದರು. ಆದರೆ ವರ್ಣನೆಗಳು ಕೂಡಿಬರಲಿಲ್ಲ. ಯೆರ್ಸಿನನ ಕ್ರಿಮಿ ಚಲಿಸದು, ಗ್ರಾಮನ ಬಣ್ಣವನ್ನು ಬಿಟ್ಟುಕೊಡುವುದು. ಕಿಟಸಾಟೊ ತನ್ನದು ಸ್ವಲ್ಪ ಚಲಿಸುವುದೆಂದು ಹೇಳಿದನು; ಬಣ್ಣದ ವಿಷಯದಲ್ಲಿ ಆತನ ಹೇಳಿಕೆಗಳು ಸ್ಥಿರವಾಗಿರಲಿಲ್ಲ. ಮುಂದಿನ ಪರಿಶೀಲನೆಯಲ್ಲಿ ಯೆರ್ಸಿನನ ವರ್ಣನೆಯೇ ನಿಂತಿತು. ಕಿಟಸಾಟೊ ಮೊದಲು ಸೂಕ್ಷ್ಮದರ್ಶಕದಲ್ಲಿ ಕಂಡುದು ಪ್ಲೇಗಿನ ಕ್ರಿಮಿಯೇ ಇರಬಹುದಾದರೂ ಆತನ ಕೃಷಿಗಳಲ್ಲಿ ನ್ಯುಮೋನಿಯದ ಕ್ರಿಮಿಯು ಕಳೆಯಾಗಿ ಸೇರಿದ್ದಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಇದಕ್ಕೆ ಒಂದು ವಿಚಿತ್ರವಾದ ಕಾರಣವನ್ನು ಹೇಳುವುದುಂಟು. ಕಿಟಸಾಟೊವಿನ ಬಳಿ ದೇಹದ ಶಾಖವನ್ನು ಕೊಡುವ ಕಾವುಪೆಟ್ಟಿಗೆಯಿದ್ದಿತು. ಯೆರ್ಸಿನನ ಬಳಿ ಇರಲಿಲ್ಲ. ನ್ಯುಮೋನಿಯದ ಕ್ರಿಮಿಗೆ ೩೭ ಡಿಗ್ರಿಯ ಶಾಖವು ಒಗ್ಗುವುದು. ಪ್ಲೇಗಿನ ಕ್ರಿಮಿಯಾದರೋ ಸುಮಾರು ೨೮ ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವುದು. ಗುಡಿಸಲಿನ ಬೇಸಗೆಯ ಹವೆಯೇ ಯೆರ್ಸಿನನಿಗೆ ತಕ್ಕ ಕಾವಾಗಿ ಪರಿಣಮಿಸಿತು. ಬಡತನವು ಶೋಧಕನಿಗೆ ಸಹಾಯಮಾಡಿದ ಅಪರೂಪದ ನಿದರ್ಶನವಿದು. ೧೯೪೪ರಲ್ಲಿ ಈ ಕ್ರಿಮಿಯ ಕುಲಕ್ಕೆ ಯೆರ್ಸಿನಿಯ ಎಂಬ ಹೆಸರು ಸೂಚಿತವಾಯಿತು.

೬

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗ್ ತಲೆದೋರಿತು. ಕಾಲರಾ ಲಸಿಕೆಗಾಗಿ ಆಗಲೇ ಪ್ರಖ್ಯಾತನಾಗಿದ್ದ ವಾಲ್ಡೆಮರ್ ಹಾಫ್‌ಕಿನ್ನನು ಅಕ್ಟೋಬರಿನಲ್ಲಿ ಅಲ್ಲಿಗೆ ಬಂದನು. ಆತನು ೧೮೬೦ರಲ್ಲಿ ಒಡೆಸ್ಸದಲ್ಲಿ ಹುಟ್ಟಿದ ಯೆಹೂದಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸಮಾಡಿದವನು. ಪ್ರಾಣಿಶಾಸ್ತ್ರಜ್ಞನೇ ಹೊರತು ವೈದ್ಯನಲ್ಲ. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕೊಟ್ಟ ಸಣ್ಣ ಎಡೆಯಲ್ಲಿ ಆತನು ಕೆಲಸವನ್ನು ಪ್ರಾರಂಭಿಸಿದನು.

ಲಸಿಕೆಗೆ ಬೇಕಾದುದು ತಟ್ಟೆಯ ಮೇಲಿನ ಒಂದು ಕಾಲೊನಿಯಲ್ಲ. ಸಾವಿರಾರು ಜನರಿಗೆ ಸಾಲುವಷ್ಟು ಕೃಷಿ. ಆದುದರಿಂದ ಹಾಫ್‌ಕಿನ್ನನು ದ್ರವಕೃಷಿಗೇ ಮರಳಿದನು. ಆದರೆ ದ್ರವದಲ್ಲಿ ಕಳೆಯನ್ನು ಕಾಣುವುದು ಹೇಗೆ? ಇಲ್ಲಿ ಆತನಿಗೆ ಒದಗಿದುದು ತುಪ್ಪ. ಆಡಿನ ಮಾಂಸದ ಸಾರನ್ನು ಕುಪ್ಪಿಗಳಲ್ಲಿ ತುಂಬಿ, ಕಾಯಿಸಿ ಶುಚಿಗೊಳಿಸಿ, ಮೇಲೆ ತುಪ್ಪದ ಕೆಲವು ಹನಿಗಳನ್ನು ತೇಲಿಬಿಟ್ಟು, ಹೆಪ್ಪು ಹಾಕಿ, ಅಲುಗದಂತೆ ಇಡುತ್ತಿದ್ದನು. ಪ್ಲೇಗಿನ ಕ್ರಿಮಿ ತುಪ್ಪದ ಹನಿಗಳ ಅಡಿಯಲ್ಲಿ ಅಂಟಿಕೊಂಡು ಬೆಳೆದು, ಬಿಳಿಲುಗಳಂತೆ ಕೆಳಕ್ಕೆ ಇಳಿಯುವುದು. ನಡುವಣ ಸಾರು ತಿಳಿಯಾಗಿಯೇ ಉಳಿಯುವುದು. ಕುಪ್ಪಿಯನ್ನು ಅಲುಗಿಸಿದರೆ ಈ ಬಿಳಿಲುಗಳು ಕಳಚಿ ತಳಕ್ಕೆ ಬೀಳುವುವು. ಮತ್ತೆ ಹೊಸ ಬೆಳೆ ಮೇಲಿನಿಂದ ಇಳಿಯತೊಡಗುವುದು. ಹೀಗೆ ಹಲವು ವಾರಗಳ ಕಾಲ ಫಸಲಿನ ಮೇಲೆ ಫಸಲನ್ನು ತೆಗೆದು, ಕೊನೆಗೆ ಕ್ರಿಮಿಗಳನ್ನು ಶಾಖದಿಂದ ಕೊಂದು, ಕಾರ್ಬಾಲಿಕ್ ಆಮ್ಲವನ್ನು ಅಲ್ಪಪ್ರಮಾಣದಲ್ಲಿ ಸೇರಿಸಿ, ಸೀಸೆಗಳಿಗೆ ತುಂಬುತ್ತಿದ್ದರು.

ಈ ವಿಧಾನದಲ್ಲಿ ಬೆಳೆಸುವುದೂ ಗುರುತಿಸುವುದೂ ಒಂದೇ ಕ್ರಿಯೆಯಾಗಿದ್ದುದನ್ನು ಗಮನಿಸಬೇಕು. ತಿಳಿಸಾರಿನಲ್ಲಿ ಇಳಿಬಿದ್ದ ಬಿಳಿಲುಗಳು ಪ್ಲೇಗಿನ ಕ್ರಿಮಿಯ ಲಕ್ಷಣ. ಹೊರಗಿನ ಸಾಮಾನ್ಯ ಕ್ರಿಮಿ ಸೇರಿದರೆ ಸಾರೆಲ್ಲ ಕದಡುವುದು. ಕುಪ್ಪಿಯು ತನ್ನ ಶುದ್ಧಿಗೆ ತಾನೇ ಸಾಕ್ಷಿ ಹೇಳುತ್ತಿದ್ದಿತು. ಇದರೊಡನೆ ೧೮೯೭ರಲ್ಲಿ ಹ್ಯಾಂಕಿನ್ ಮತ್ತು ಲ್ಯೂಮನ್ ಎಂಬವರು ಮತ್ತೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಅಗರಿಗೆ ನೂರಕ್ಕೆ ಸುಮಾರು ಮೂರರಂತೆ ಉಪ್ಪನ್ನು ಸೇರಿಸಿ ಅದರ ಮೇಲೆ ಬಿತ್ತಿದರೆ, ಸಾಮಾನ್ಯವಾಗಿ ಗಿಡ್ಡ ಕಡ್ಡಿಯಂತಿರುವ ಪ್ಲೇಗಿನ ಕ್ರಿಮಿಯು ಊದಿಕೊಂಡು ಉರುಟಾದ ವಿಕಾರರೂಪಗಳನ್ನು ತಾಳುವುದು.

೧೮೯೭ರ ಜನವರಿ ೧೦ರಂದು ಹಾಫ್‌ಕಿನ್ನನು ಲಸಿಕೆಯನ್ನು ಮೊದಲು ತನ್ನ ಮೈಗೇ ಹಾಕಿಸಿಕೊಂಡನು. ಅದೇ ತಿಂಗಳ ಕೊನೆಯಲ್ಲಿ ಬೈಕಲಾ ಸೆರೆಮನೆಯಲ್ಲಿ ಪ್ಲ್ಗೇಗ್ ಹೊಕ್ಕಾಗ ಒಪ್ಪಿದ ಕೈದಿಗಳಿಗೆ ಅದನ್ನು ಹಾಕಲಾಯಿತು. ಹಾಕಿಸಿಕೊಳ್ಳದವರಲ್ಲಿ ೧೨ ಮಂದಿಗೆ ರೋಗ ಬಂದು ೬ ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ರೋಗ ಬಂದಿತು, ಯಾರೂ ಸಾಯಲಿಲ್ಲ. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ರೋಗವು ಪ್ರಬಲವಾದಾಗ, ಮೇಲೆ ಹೇಳಿದ ಲ್ಯೂಮನನ ಮೇಲ್ವಿಚಾರಣೆಯಲ್ಲಿ ಹತ್ತಾರು ಸಾವಿರ ಜನರಿಗೆ ಚುಚ್ಚುಮದ್ದು ಹಾಕಲಾಯಿತು. ಒಂದು ಊರಿನ ಬಹುಪಾಲು ಜನ ಈ ಲಸಿಕೆಯನ್ನು ಪಡೆದ ಮೊದಲ ದೊಡ್ಡ ನಿದರ್ಶನಗಳಲ್ಲಿ ಹುಬ್ಬಳ್ಳಿಯೂ ಒಂದು. ಲಸಿಕೆಯ ರಕ್ಷಣೆ ಸಂಪೂರ್ಣವಾದುದಲ್ಲ. ಆದರೆ ರೋಗವನ್ನೂ ಸಾವನ್ನೂ ಅದು ಗಣನೀಯವಾಗಿ ತಗ್ಗಿಸಿತೆಂಬುದು ಅಂದಿನ ಪರಿಶೀಲನೆಗಳ ಸಾರ. ೧೮೯೯ರಲ್ಲಿ ಹಾಫ್‌ಕಿನ್ನನ ಪ್ರಯೋಗಶಾಲೆಯು ಪರೇಲಿನ ಹಳೆಯ ಗವರ್ನರ ನಿವಾಸಕ್ಕೆ ಹೋಯಿತು.

೭

೧೯೦೨ರಲ್ಲಿ ಪಂಜಾಬಿನ ಸರ್ಕಾರವು ಪ್ರಾಂತದಲ್ಲೆಲ್ಲ ಚುಚ್ಚುಮದ್ದು ಹಾಕಿಸಲು ನಿಶ್ಚಯಿಸಿ ಅಪಾರವಾದ ಲಸಿಕೆಯನ್ನು ಬೇಡಿತು. ತುಪ್ಪದ ಕುಪ್ಪಿಗಳು ಪಕ್ವವಾಗಲು ವಾರಗಳು ಹಿಡಿಯುವುವು. ಆದುದರಿಂದ ಹಾಫ್‌ಕಿನ್ನನು ಶೀಘ್ರವಾದ ಕ್ರಮವೊಂದನ್ನು ಕೈಕೊಂಡನು: ಕ್ರಿಮಿಗಳನ್ನು ಅಗರಿನ ಮೇಲ್ಮೈಯಲ್ಲಿ ಬೆಳೆಸಿ, ನೀರಿನಿಂದ ತೊಳೆದು ತೆಗೆದು, ಶಾಖದಿಂದ ಕೊಲ್ಲುವುದು. ಹೊಸ ಕ್ರಮದಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟಿದ್ದಿತು. ಶುದ್ಧವಾದ ಕೃಷಿಯನ್ನು ಶಾಖದಿಂದ ಕೊಂದು ಭದ್ರವಾಗಿ ಮುಚ್ಚಿದ ಮೇಲೆ ಆಮ್ಲದ ಅವಶ್ಯಕತೆಯಿಲ್ಲವೆಂಬುದು ಇದರ ತರ್ಕ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿಯೂ ಇಂತಹ ಪದ್ಧತಿ ನಡೆದಿದ್ದಿತು.

ಆ ವರ್ಷದ ಅಕ್ಟೋಬರ್ ೩೦ರಂದು ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ೧೦೭ ಮಂದಿಗೆ ಐದು ಸೀಸೆಗಳಿಂದ ಚುಚ್ಚುಮದ್ದು ಹಾಕಿದರು. ೫೩-ಎನ್ ಎಂಬ ಗುರುತಿನ ಒಂದು ಸೀಸೆಯಿಂದ ಹಾಕಿಸಿಕೊಂಡ ೧೯ ಮಂದಿಗೂ ಸುಮಾರು ಒಂದು ವಾರದ ಮೇಲೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತು ಮಂದಿಯೂ ಸತ್ತರು. ಉಳಿದ ನಾಲ್ಕು ಸೀಸೆಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ.

ಧನುರ್ವಾಯುವಿನ ಕ್ರಿಮಿ ಮಣ್ಣಿನಲ್ಲಿಯೂ ದನಕುದುರೆಗಳ ಲದ್ದಿಯಲ್ಲಿಯೂ ಇರುವಂತಹುದು. ಪ್ರತಿಕೂಲವಾದಾಗ ಅದು ಗಟ್ಟಿಕವಚದ ಬೀಜಾಣುವಾಗಿ ನಿಲ್ಲುವುದು. ಪ್ಲೇಗಿನ ಕ್ರಿಮಿಯನ್ನು ಕೊಲ್ಲುವ ಶಾಖಕ್ಕೆ ಈ ಬೀಜಾಣು ಸಾಯದು. ಕಿಟಸಾಟೊ ೧೮೮೯ರಲ್ಲಿ ಅದನ್ನು ಬೇರ್ಪಡಿಸಿದುದು ಈ ಗುಣದಿಂದಲೇ: ಬೆರಕೆಯ ಕೃಷಿಯನ್ನು ೮೦ ಡಿಗ್ರಿಗೆ ಕಾಯಿಸಿ ಉಳಿದ ಕ್ರಿಮಿಗಳನ್ನು ಕೊಂದು, ಉಳಿದ ಬೀಜಾಣುವನ್ನು ಗಾಳಿಯಿಲ್ಲದೆಡೆಯಲ್ಲಿ ಬೆಳೆಸಿದನು. ಗಾಳಿಯಿಲ್ಲದ ಮುಚ್ಚಿದ ಸೀಸೆ ಇಂತಹ ಕ್ರಿಮಿಗೆ ಹಸನಾದ ಹೊಲ. ಆದುದರಿಂದ ಪ್ರಶ್ನೆಯು ಒಂದೇ ಮಾತಿಗೆ ಬಂದು ನಿಂತಿತು: ಈ ಕಳೆಯ ಬೀಜವು ಸೀಸೆಯನ್ನು ಹೊಕ್ಕುದು ಪರೇಲಿನಲ್ಲಿಯೋ, ಮಲ್ಕೊವಾಲಿನಲ್ಲಿಯೋ?

ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಚಾರಣಾ ಮಂಡಲಿಯು, ಸೀಸೆ ತೆರೆಯುವುದಕ್ಕೆ ಮೊದಲೇ, ಎಂದರೆ ಪ್ರಯೋಗಶಾಲೆಯಲ್ಲಿಯೇ, ಅದು ಕಲುಷಿತವಾಗಿದ್ದಿತೆಂದು ಅಭಿಪ್ರಾಯಪಟ್ಟಿತು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟುದು ಹಾಫ್‌ಕಿನ್ನನಿಗೆ ಪ್ರತಿಕೂಲವಾಯಿತು. ಆತನು ಅಧಿಕಾರವನ್ನು ಕಳೆದುಕೊಂಡು ಯೂರೋಪಿಗೆ ಹಿಂದಿರುಗಿದನು.

ಆದರೆ ಸಾಕ್ಷ್ಯವು ಬೇರೆ ದಿಕ್ಕನ್ನು ತೋರಿಸುತ್ತಿದ್ದಿತು. ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿದ್ದಿತು. ನಿಯಮದಂತೆ ಅದನ್ನು ಉರಿಯಲ್ಲಿ ಕಾಯಿಸಬೇಕಾಗಿದ್ದಿತು. ಆತನು ಕಾರ್ಬಾಲಿಕ್ ನೀರಿನಲ್ಲಿ ಅಲುಗಿಸಿ, ಅದರಿಂದಲೇ ಬಿರಡೆಯನ್ನು ಕಿತ್ತನು. ಧನುರ್ವಾಯುವಿನ ಬೀಜಾಣು ಅಷ್ಟರಿಂದ ಸಾಯುವುದಿಲ್ಲ. ಎರಡನೆಯದಾಗಿ, ಧನುರ್ವಾಯುವಿನ ಕೃಷಿಗೆ ಕೆಟ್ಟ ನಾತವುಂಟು. ಆ ದಿನ ಸೀಸೆಯನ್ನು ಮೂಸಿ ನೋಡಿದ ವೈದ್ಯನಿಗೆ ಅಂತಹ ನಾತ ಕಾಣಲಿಲ್ಲ. ಮೂರನೆಯದು ಎಲ್ಲಕ್ಕಿಂತ ಬಲವಾದುದು. ಲಸಿಕೆಯನ್ನು ಸೀಸೆಗೆ ತುಂಬಿ ಹಲವು ವಾರಗಳಾಗಿದ್ದುವು. ಆಗಲೇ ಕ್ರಿಮಿ ಸೇರಿದ್ದರೆ ಅದು ಬೆಳೆದು, ತನ್ನ ತೀಕ್ಷ್ಣವಾದ ವಿಷವನ್ನು ದ್ರವದಲ್ಲಿ ತುಂಬಿರುತ್ತಿದ್ದಿತು. ಅಂತಹ ವಿಷವನ್ನು ಚುಚ್ಚಿಸಿಕೊಂಡವರಲ್ಲಿ ರೋಗವು ಬಹು ಬೇಗನೆ ತೋರಬೇಕಾಗಿದ್ದಿತು. ತೋರಿದುದು ಒಂದು ವಾರದ ಮೇಲೆ. ಮೈಗೆ ಹೊಕ್ಕುದು ಬೆಳೆದ ಬೆಳೆಯಲ್ಲ, ಆಗತಾನೆ ಬಿದ್ದ ಬೀಜವೆಂಬುದನ್ನು ಈ ವಿಳಂಬವೇ ಸೂಚಿಸುವುದು.

ವಿಚಾರಣೆಯ ವರದಿಗಳು ಪ್ರಕಟವಾದುದು ೧೯೦೬ರ ಕೊನೆಗೆ. ೧೯೦೭ರ ಜುಲೈಯಲ್ಲಿ, ಮಲೇರಿಯ ಶೋಧನೆಗೆ ನೊಬೆಲ್ ಬಹುಮಾನವನ್ನು ಪಡೆದಿದ್ದ ರೊನಾಲ್ಡ್ ರಾಸನೂ ಇತರ ಪ್ರಮುಖ ಶಾಸ್ತ್ರಜ್ಞರೂ ಲಂಡನಿನ ಟೈಮ್ಸ್ ಪತ್ರಿಕೆಗೆ ಬರೆದು, ಹಾಫ್‌ಕಿನ್ನನ ಮೇಲಿನ ಆರೋಪವು ನಿಲ್ಲದೆಂದು ಸಾರಿದರು. ಆ ವರ್ಷದ ನವೆಂಬರಿನಲ್ಲಿ ಸರ್ಕಾರವು ಆತನನ್ನು ದೋಷಮುಕ್ತನನ್ನಾಗಿ ಮಾಡಿ ಮತ್ತೆ ಕೆಲಸಕ್ಕೆ ಕರೆಯಿತು. ಆದರೆ ಪರೇಲಿನ ಸ್ಥಾನವು ಬೇರೊಬ್ಬರಿಗೆ ಹೋಗಿದ್ದಿತು. ಆತನು ಕಲ್ಕತ್ತೆಯಲ್ಲಿ ಕೆಲವು ವರ್ಷ ಇದ್ದು ೧೯೧೪ರಲ್ಲಿ ನಿವೃತ್ತನಾಗಿ, ೧೯೩೦ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡನು.

೮

ಈ ಪ್ರಸಂಗದಲ್ಲಿ ಹಾಫ್‌ಕಿನ್ನನಿಗೆ ಅನ್ಯಾಯವಾಯಿತೆಂದು ಹೇಳಿ ನಿಲ್ಲಿಸಿದರೆ ಅದರ ಪೂರ್ಣಾರ್ಥವನ್ನು ಕಂಡಂತಾಗದು. ಸಹಾಯಕನ ಕೈತಪ್ಪನ್ನು ಮಾತ್ರ ಎತ್ತಿ ಆಡುವುದೂ ಸಾಲದು. ಕೃಷಿಯು ಕುಪ್ಪಿಯಲ್ಲಿದ್ದಷ್ಟು ಕಾಲ ತನ್ನ ಶುದ್ಧಿಗೆ ತಾನೇ ಸಾಕ್ಷಿಯಾಗಿದ್ದಿತು. ತಿಳಿಸಾರೂ ಬಿಳಿಲುಗಳೂ ಎಲ್ಲರ ಕಣ್ಣಿಗೂ ಕಾಣುತ್ತಿದ್ದುವು. ಸತ್ತ ಕ್ರಿಮಿಗಳ ದ್ರವವಾಗಿ ಸೀಸೆಯನ್ನು ಸೇರಿದ ಮೇಲೆ ಆ ಸಾಕ್ಷ್ಯವು ನಿಂತುಹೋಯಿತು. ಅಲ್ಲಿಂದ ರೋಗಿಯ ತೋಳಿನವರೆಗೆ ಶುದ್ಧಿಯನ್ನು ಕಾಯುವುದು ಮನುಷ್ಯರ ನಡವಳಿಕೆಯ ಮೇಲೆಯೇ ನಿಂತಿದ್ದಿತು. ಕಾರ್ಬಾಲಿಕ್ ಆಮ್ಲವು ಆ ದಾರಿಯ ಒಂದು ಕಾವಲಾಗಿದ್ದಿತು. ಅವಸರದ ದಿನಗಳಲ್ಲಿ ಅದನ್ನು ತೆಗೆದುದರಿಂದ ಉರಿಯಲ್ಲಿ ಕಾಯಿಸಬೇಕಾದ ಒಂದು ಚಿಮಟದ ಮೇಲೆ ಎಲ್ಲ ಭಾರವೂ ಬಿದ್ದಿತು. ಒಡೆದ ಸೀಸೆಯಲ್ಲಿ ಧನುರ್ವಾಯುವಿನ ಕ್ರಿಮಿಯನ್ನು ಕಂಡರೂ ಅದು ಎಂದು ಸೇರಿತೆಂಬುದನ್ನು ಕೃಷಿಯ ಪರೀಕ್ಷೆಯು ಹೇಳಲಾರದು. ತುಂಬಿದ ಸೀಸೆಗಳಲ್ಲಿ ಕೆಲವನ್ನು ತೆಗೆದು ಬಿತ್ತಿ ನೋಡುವುದು, ಪ್ರತಿ ತಂಡದ ಮಾದರಿಯನ್ನು ಬೇರೆ ಇಟ್ಟಿರುವುದು, ಸಂಖ್ಯೆಯನ್ನು ಹಾಕಿ ದಾಖಲೆ ಬರೆಯುವುದು ಎಂಬ ಇಂದಿನ ಲಸಿಕಾಲಯಗಳ ಕಟ್ಟಳೆಗಳ ಪ್ರಯೋಜನವು ಇಂತಹ ಪ್ರಸಂಗಗಳಿಂದಲೇ ಸ್ಪಷ್ಟವಾಗುವುದು. ಹಾಂಗ್‌ಕಾಂಗಿನಲ್ಲಿ ಕಳೆಯಿಂದ ಕೆಟ್ಟುದು ಒಂದು ಪ್ರಬಂಧ. ಮಲ್ಕೊವಾಲಿನಲ್ಲಿ ಹೋದುದು ಪ್ರಾಣ. ತಪ್ಪಿನ ಜಾತಿ ಒಂದೇ.

ಸೂಕ್ಷ್ಮಜೀವಿಗಳನ್ನು ಗುರುತಿಸುವ ಮಾರ್ಗಗಳು ಈಗ ಬಹಳ ಮುಂದುವರಿದಿವೆ. ಹ್ಯಾನ್ಸೆನನು ೧೮೭೩ರಲ್ಲಿ ಕಂಡ ಕುಷ್ಠದ ಕ್ರಿಮಿಯನ್ನು ಯಾವ ಕೃತಕ ಪೋಷಕದ್ರವ್ಯದಲ್ಲಿಯೂ ಬೆಳೆಸಲು ಇಂದಿಗೂ ಸಾಧ್ಯವಾಗಿಲ್ಲ. ಹಾಗೆಯೇ ಮಣ್ಣಿನ, ಕಡಲಿನ ಜೀವಿಗಳಲ್ಲಿ ಬಹುಪಾಲು ತಟ್ಟೆಯ ಮೇಲೆ ಬೆಳೆಯವು. ಇಂತಹವುಗಳನ್ನು ಅವುಗಳ ಆನುವಂಶಿಕ ದ್ರವ್ಯದ ಬರೆಹವನ್ನು ಓದಿಯೇ ತಿಳಿಯುವರು. ಹದಿನಾಲ್ಕನೆಯ ಶತಮಾನದಲ್ಲಿ ಲಂಡನಿನಲ್ಲಿ ಪ್ಲೇಗಿನಿಂದ ಸತ್ತವರ ಹಲ್ಲುಗಳಿಂದ ಆ ಕ್ರಿಮಿಯ ಸಮಗ್ರ ಬರೆಹವನ್ನು ೨೦೧೧ರಲ್ಲಿ ಪುನಾರಚಿಸಿದುದು ಇದಕ್ಕೆ ನಿದರ್ಶನ. ಅಲ್ಲಿ ಬೆಳೆಸಲು ಜೀವಂತವಾದ ಬೀಜವೇ ಇರಲಿಲ್ಲ. ಆದರೆ ರೋಗಿಯಲ್ಲಿರುವ ಕ್ರಿಮಿಗೆ ಯಾವ ಔಷಧವು ನಾಟುವುದೆಂಬುದನ್ನು ನೋಡಬೇಕಾದಾಗ, ಆಸ್ಪತ್ರೆಗಳಲ್ಲಿ ಇಂದಿಗೂ ಬಹುಮಟ್ಟಿಗೆ ಅಗರಿನ ತಟ್ಟೆ, ಗೀರು, ಬಿಡಿಯಾದ ಕಾಲೊನಿಗಳಿಂದಲೇ ಕೆಲಸ ನಡೆಯುತ್ತದೆ. ಕಳೆ ಸೇರಬಾರದೆಂಬ ನಿಯಮವು ಹೊಸ ಮಾರ್ಗಕ್ಕೂ ತಪ್ಪಿದುದಲ್ಲ. ಹಳೆಯ ಎಲುಬನ್ನು ಪರೀಕ್ಷಿಸುವವನು ತನ್ನ ಬೆರಳಿನ ಬರೆಹವನ್ನೇ ಓದಿಬಿಡದಂತೆ ಕೈಚೀಲ ತೊಟ್ಟು, ಗಾಳಿಯನ್ನು ಸೋಸಿ, ಕೆಲಸಮಾಡಬೇಕಾಗಿದೆ.

ಪರೇಲಿನ ಪ್ರಯೋಗಶಾಲೆಗೆ ೧೯೨೫ರಲ್ಲಿ ಹಾಫ್‌ಕಿನ್ ಸಂಸ್ಥೆಯೆಂದು ಹೆಸರಿಟ್ಟರು. ಆತನು ಆಗ ಇನ್ನೂ ಬದುಕಿದ್ದನು. ಮಲ್ಕೊವಾಲಿನ ಹತ್ತೊಂಬತ್ತು ಮಂದಿಯ ಹೆಸರು ಯಾವ ಕಟ್ಟಡದ ಮೇಲೆಯೂ ಇಲ್ಲ. ತುಂಬಿದ ಪ್ರತಿಯೊಂದು ತಂಡವನ್ನೂ ಸಂಶಯದಿಂದ ನೋಡಿ, ಅದರ ಕೆಲವು ಸೀಸೆಗಳನ್ನು ಬಿತ್ತಿ ಪರೀಕ್ಷಿಸಿದ ಮೇಲೆಯೇ ಹೊರಗೆ ಕಳುಹಿಸುವ ಇಂದಿನ ಪದ್ಧತಿಯನ್ನು ಅವರ ಸ್ಮಾರಕವೆಂದು ಎಣಿಸಿದರೆ ತಪ್ಪಾಗಲಾರದು.